ಸ್ಪ್ಲಂಕ್‌: ರಿಯಲ್‌ಟೈಮ್ ಅಲರ್ಟ್ 20 ದಾಟುತ್ತಿಲ್ಲ, ಮಿತಿ ಎಲ್ಲಿ ಏರಿಸಬೇಕು?

ಶೂನ್ಯಲಾಗ್

ಎಲ್ಲರಿಗೂ ನಮಸ್ಕಾರ. ಸೆಟಪ್ ಹೀಗಿದೆ: ಸ್ಪ್ಲಂಕ್ ಎಂಟರ್‌ಪ್ರೈಸ್ (ಲಾಗ್‌ಗಳನ್ನು ಸೇರಿಸಿ ಹುಡುಕುವ ಸಾಫ್ಟ್‌ವೇರ್), ಒಂದು ಸರ್ಚ್ ಹೆಡ್ (ಹುಡುಕಾಟ ನಡೆಸುವ ಸರ್ವರ್), 16 ಕೋರ್. ಮೂರು ಇಂಡೆಕ್ಸರ್ (ಲಾಗ್ ಡೇಟಾ ಇಟ್ಟುಕೊಳ್ಳುವ ಸರ್ವರ್), ಪ್ರತಿಯೊಂದೂ 16 ಕೋರ್. ಎಲ್ಲ ಅಲರ್ಟ್‌ಗಳೂ ಒಂದೇ ಸರ್ವಿಸ್ ಅಕೌಂಟ್ ಹೆಸರಲ್ಲಿವೆ, ಅದಕ್ಕೆ ಪವರ್ ರೋಲ್ (ಸ್ಪ್ಲಂಕ್‌ನ ಅನುಮತಿ ಗುಂಪುಗಳಲ್ಲಿ ಒಂದು). ಒಟ್ಟು 38 ರಿಯಲ್‌ಟೈಮ್ ಅಲರ್ಟ್ (ಲಾಗ್ ಬಂದ ಕೂಡಲೇ ಎಚ್ಚರಿಸಲು ನಿರಂತರ ಓಡುವ ಸರ್ಚ್). ಅದರಲ್ಲಿ 20 ಓಡುತ್ತವೆ, ಉಳಿದವು ಕ್ಯೂನಲ್ಲೇ ಕೂತಿರುತ್ತವೆ. ರೋಲ್‌ನ ಕೋಟಾ 50 ಮಾಡಿದರೆ 22ಕ್ಕೆ ನಿಂತಿತು. 22 ಅಂತ ನಾವು ಎಲ್ಲೂ ಬರೆದಿಲ್ಲ. ಇದು ಲೈಸೆನ್ಸ್ ಮಿತಿಯೇ? ಎಲ್ಲಿ ಏರಿಸಬೇಕು?

ಕೋರ್‌ಲೆಕ್ಕ

ಲೈಸೆನ್ಸ್‌ಗೂ ಇದಕ್ಕೂ ಸಂಬಂಧ ಇಲ್ಲ. ಸಾಮಾನ್ಯವಾಗಿ ಲೈಸೆನ್ಸ್ ನೋಡುವುದು ದಿನಕ್ಕೆ ಎಷ್ಟು ಡೇಟಾ ಒಳಗೆ ಬಂತು ಅನ್ನುವುದನ್ನು. (ಫ್ರೀ ಲೈಸೆನ್ಸ್‌ನಲ್ಲಿ ಮಾತ್ರ ಅಲರ್ಟ್ ಸೌಲಭ್ಯವೇ ಇರುವುದಿಲ್ಲ. ನಿಮ್ಮದು ಅದಲ್ಲ.)

ನೀವು ಒಂದರ ಹಿಂದೆ ಒಂದು ಎರಡು ಗೋಡೆಗೆ ಗುದ್ದಿದ್ದೀರಿ.

ಮೊದಲನೆಯದು ರೋಲ್ ಕೋಟಾ. ಆಥರೈಸ್ ಡಾಟ್ ಕಾನ್ಫ್ ಫೈಲ್‌ನಲ್ಲಿ ‘ಆರ್‌ಟಿಸರ್ಚ್‌ಜಾಬ್ಸ್‌ಕೋಟಾ’ ಅನ್ನುವ ಸೆಟ್ಟಿಂಗ್ ಇದೆ. ಡೀಫಾಲ್ಟ್ ಆಗಿ ಯೂಸರ್ ರೋಲ್‌ಗೆ 6, ಪವರ್‌ಗೆ 20, ಅಡ್ಮಿನ್‌ಗೆ 100. ಸಾಮಾನ್ಯ ಸರ್ಚ್‌ಗಳ ಕೋಟಾ ಇದರಿಂದ ಬೇರೆ: ಅದು ಕ್ರಮವಾಗಿ 3, 10, 50. ನಿಮ್ಮ ಮೊದಲ 20 ಬಂದದ್ದು ಇಲ್ಲಿಂದ.

ಎರಡನೆಯದು ಇಡೀ ಸರ್ಚ್ ಹೆಡ್‌ನ ಮಿತಿ, ಲಿಮಿಟ್ಸ್ ಡಾಟ್ ಕಾನ್ಫ್‌ನ ಸರ್ಚ್ ವಿಭಾಗದಲ್ಲಿದೆ. ಲೆಕ್ಕ ಹೀಗೆ (ಹಿಸ್ಟಾರಿಕಲ್ ಅಂದರೆ ಆಗಲೇ ಸೇರಿರುವ ಡೇಟಾ ಹುಡುಕುವ ಸಾಮಾನ್ಯ ಸರ್ಚ್):

ಹಿಸ್ಟಾರಿಕಲ್ ಮಿತಿ = ‘ಮ್ಯಾಕ್ಸ್_ಸರ್ಚಸ್_ಪರ್_ಸಿಪಿಯು’ × ಸಿಪಿಯು ಸಂಖ್ಯೆ + ‘ಬೇಸ್_ಮ್ಯಾಕ್ಸ್_ಸರ್ಚಸ್’ = 1 × 16 + 6 = 22

ರಿಯಲ್‌ಟೈಮ್ ಮಿತಿ = ‘ಮ್ಯಾಕ್ಸ್_ಆರ್‌ಟಿ_ಸರ್ಚ್_ಮಲ್ಟಿಪ್ಲೈಯರ್’ × ಹಿಸ್ಟಾರಿಕಲ್ ಮಿತಿ = 1 × 22 = 22

ಯಾರಾದರೂ ಡ್ಯಾಶ್‌ಬೋರ್ಡ್‌ನಲ್ಲಿ ರಿಯಲ್‌ಟೈಮ್ ಪ್ಯಾನೆಲ್ ತೆರೆದು ಕೂತರೂ ಈ 22ರಲ್ಲೇ ಕಡಿತ. ಯಾವ ಮೌಲ್ಯ ಯಾವ ಫೈಲ್‌ನಿಂದ ಬರುತ್ತಿದೆ ಅನ್ನುವುದಕ್ಕೆ, ಸೆಟ್ಟಿಂಗ್ ತೋರಿಸುವ ‘ಬಿಟೂಲ್’ ಕಮಾಂಡ್‌ಗೆ ‘ಲಿಮಿಟ್ಸ್ ಲಿಸ್ಟ್ ಸರ್ಚ್’ ಕೊಟ್ಟು ಜೊತೆಗೆ ಡೀಬಗ್ ಆಯ್ಕೆ ಹಾಕಿ. ಸಾಲಿನ ಎಡಕ್ಕೆ ಫೈಲ್‌ನ ಪೂರ್ತಿ ದಾರಿ ಕಾಣುತ್ತದೆ.

ಗಂಟೆಗೌಡ

ಸರ್, ಮಲ್ಟಿಪ್ಲೈಯರ್ 2 ಮಾಡಿ, ರೀಸ್ಟಾರ್ಟ್ ಕೊಡಿ, 44 ಆಗುತ್ತೆ. ಡೀಫಾಲ್ಟ್ ಫೋಲ್ಡರ್‌ನಲ್ಲಿ ಮಾತ್ರ ಬದಲಾಯಿಸಬೇಡಿ, ಅಪ್‌ಗ್ರೇಡ್ ಆದಾಗ ಅಳಿಸಿಹೋಗುತ್ತೆ. ಲೋಕಲ್‌ನಲ್ಲಿ ಹಾಕಿ. ಅಷ್ಟೇ ವಿಷಯ.

ಇಂಡೆಕ್ಸರಮ್ಮ

ಅಷ್ಟೇ ವಿಷಯ ಅಲ್ಲ ಗೌಡ್ರೇ. 44 ಅಂತ ಬರೆದರೆ 44 ಓಡುತ್ತವೆ ನಿಜ. ಏನಾಗುತ್ತದೆ ಅಂತ ಇಂಡೆಕ್ಸರ್ ಕಡೆಯಿಂದ ನೋಡಿ.

ರಿಯಲ್‌ಟೈಮ್ ಸರ್ಚ್ ಮುಗಿಯುವುದೇ ಇಲ್ಲ. ಒಂದೊಂದಕ್ಕೂ ಸರ್ಚ್ ಹೆಡ್‌ನಲ್ಲಿ ಒಂದು ಪ್ರಾಸೆಸ್, ಪ್ರತಿ ಇಂಡೆಕ್ಸರ್‌ನಲ್ಲೂ ಒಂದೊಂದು ಪ್ರಾಸೆಸ್, ದಿನದ 24 ಗಂಟೆಯೂ ಜೀವಂತ. ಸ್ಪ್ಲಂಕ್‌ನವರ ಲೆಕ್ಕದಲ್ಲೇ ಒಂದು ರಿಯಲ್‌ಟೈಮ್ ಸರ್ಚ್‌ಗೆ ಪ್ರತಿ ಇಂಡೆಕ್ಸರ್‌ನಲ್ಲೂ ಒಂದು ಕೋರ್ ಅಂತ ಹಿಡಿಯಬೇಕು. 38 ಅಲರ್ಟ್ ಅಂದರೆ 16 ಕೋರ್ ಇರುವ ಇಂಡೆಕ್ಸರ್ ಮೇಲೆ 38 ಪ್ರಾಸೆಸ್. ಮೂರಕ್ಕೂ ಸೇರಿ 114. ಇಂಡೆಕ್ಸಿಂಗ್ ಅನ್ನುವ ಅದರ ಅಸಲು ಕೆಲಸ ಇದರ ಮೇಲೆ.

ಇನ್ನೊಂದನ್ನು ಬಹಳ ಜನ ಗಮನಿಸುವುದಿಲ್ಲ. ರಿಯಲ್‌ಟೈಮ್ ಸರ್ಚ್ ಡಿಸ್ಕ್‌ನಿಂದ ಓದುವುದಿಲ್ಲ. ಇಂಡೆಕ್ಸಿಂಗ್ ಪೈಪ್‌ಲೈನ್‌ನಲ್ಲಿ ಹರಿದು ಹೋಗುವ ಇವೆಂಟ್‌ಗಳನ್ನು ಅಲ್ಲೇ ಹಿಡಿದು ತನ್ನ ಕ್ಯೂಗೆ ಹಾಕಿಕೊಳ್ಳುತ್ತದೆ. ಲಿಮಿಟ್ಸ್ ಡಾಟ್ ಕಾನ್ಫ್‌ನ ರಿಯಲ್‌ಟೈಮ್ ವಿಭಾಗದಲ್ಲಿ ‘ಕ್ಯೂ_ಸೈಜ್’ ಡೀಫಾಲ್ಟ್ 10000, ‘ಬ್ಲಾಕಿಂಗ್’ ಡೀಫಾಲ್ಟ್ ಫಾಲ್ಸ್. ಅಂದರೆ ಸರ್ಚ್ ಪ್ರಾಸೆಸ್‌ಗೆ ಸಿಪಿಯು ಸಿಗದೆ ಕ್ಯೂ ತುಂಬಿದರೆ ಮುಂದಿನ ಇವೆಂಟ್‌ಗಳು ಆ ಸರ್ಚ್‌ನ ಪಾಲಿಗೆ ಇಲ್ಲವೇ ಇಲ್ಲ. ಇಂಡೆಕ್ಸ್‌ಗೆ ಸರಿಯಾಗಿ ಸೇರುತ್ತವೆ, ನಾಳೆ ಹುಡುಕಿದರೆ ಸಿಗುತ್ತವೆ, ಅಲರ್ಟ್ ಮಾತ್ರ ಬಂದಿರುವುದಿಲ್ಲ. ‘ಬ್ಲಾಕಿಂಗ್’ ಟ್ರೂ ಮಾಡಿದರೆ ಕ್ಯೂ ತುಂಬಿದಾಗ ಇಂಡೆಕ್ಸಿಂಗೇ ತಡೆದು ನಿಲ್ಲುತ್ತದೆ. ಅದು ಇನ್ನೂ ಕೆಟ್ಟದ್ದು.

ಹಾಗಾಗಿ ಮಿತಿ ಏರಿಸಿದರೆ ಹೆಚ್ಚು ಅಲರ್ಟ್ ‘ಓಡುತ್ತವೆ’, ಆದರೆ ಲೋಡ್ ಜಾಸ್ತಿ ಇರುವ ಹೊತ್ತಿನಲ್ಲೇ, ಅಂದರೆ ಏನಾದರೂ ಕೆಟ್ಟಿರುವ ಹೊತ್ತಿನಲ್ಲೇ, ಇವೆಂಟ್ ಕೈಬಿಡುತ್ತವೆ. 22 ಅನ್ನುವುದೇ ನಿಮ್ಮ ಯಂತ್ರಕ್ಕೆ ಜಾಸ್ತಿ.

ಗಂಟೆಗೌಡ

ಒಪ್ಪಿದೆ, ಆದರೆ ಎಲ್ಲ ಸರ್ಚೂ ಒಂದು ಕೋರ್ ಪೂರ್ತಿ ತಿನ್ನಲ್ಲ. ಒಂದೇ ಇಂಡೆಕ್ಸ್, ಒಂದೇ ಸೋರ್ಸ್‌ಟೈಪ್ (ಲಾಗ್‌ನ ಬಗೆ), ಒಂದು ಪದ ಹುಡುಕೋ ಅಲರ್ಟ್ ‘ಟಾಪ್’ ಕಮಾಂಡ್‌ನಲ್ಲಿ ಕಾಣೋದೇ ಇಲ್ಲ.

ಇಂಡೆಕ್ಸರಮ್ಮ

ಇವೆಂಟ್ ಕಡಿಮೆ ಇರುವ ಹೊತ್ತಿನಲ್ಲಿ ಸರಿ. ಆದರೆ ಪ್ರಾಸೆಸ್‌ನ ಮೆಮೊರಿ, ಸ್ಲಾಟ್ (ಆ 22ರಲ್ಲಿ ಒಂದು ಜಾಗ), ಡಿಸ್ಪ್ಯಾಚ್ ಡೈರೆಕ್ಟರಿ (ಫಲಿತಾಂಶದ ಫೋಲ್ಡರ್) ಇವೆಲ್ಲ ಖಾಲಿ ಕೂತಾಗಲೂ ಹಿಡಿದಿರುತ್ತವೆ. ಮೀಟರ್ ಹಾಕಿ ಮನೆ ಮುಂದೆ ನಿಲ್ಲಿಸಿಕೊಂಡ ಆಟೋ ಇದ್ದ ಹಾಗೆ. ಕಾಯಿಸಲೇಬೇಕಾದ ಕೆಲಸ ಯಾವುದು ಅಂತ ನೋಡಿ ಕಾಯಿಸಬೇಕು.

ಶೂನ್ಯಲಾಗ್ ಅವರೇ, ಆ 38ರಲ್ಲಿ ಏನೇನಿದೆ?

ಶೂನ್ಯಲಾಗ್

ಸ್ಥೂಲವಾಗಿ: ಲಾಗಿನ್ ವೈಫಲ್ಯ (5 ನಿಮಿಷದಲ್ಲಿ ಒಬ್ಬ ಯೂಸರ್‌ಗೆ 5ಕ್ಕಿಂತ ಹೆಚ್ಚು) ಥರದವು 9, ಡಿಸ್ಕ್ 90% ದಾಟಿತು 6, ಅಪ್ಲಿಕೇಶನ್ 500 ಎರರ್ 11, ಫೈರ್‌ವಾಲ್ ಡಿನೈ 5, ಬ್ಯಾಕಪ್ ಫೇಲ್ 4, ಪಾವತಿ ಸರ್ವಿಸ್ ಟೈಮ್‌ಔಟ್ 3. ಪಾವತಿಯ ಮೂರಕ್ಕೆ ಫೋನ್ ಕಾಲ್ ಹೋಗುತ್ತದೆ, ಉಳಿದದ್ದೆಲ್ಲ ಇಮೇಲ್.

ಹುಬ್ಬಳ್ಳಿ ಹೈದ

ಬ್ಯಾಕಪ್ ಫೇಲ್ ಆಗಿದ್ದಕ್ಕ ರಿಯಲ್‌ಟೈಮ್ ಯಾಕ್ರೀ? ರಾತ್ರಿ 2ಕ್ಕ ಫೇಲ್ ಆತು ಅಂದ್ರ ಮೇಲ್ ನೋಡೂದು ಮುಂಜಾನೆ 9ಕ್ಕ. 15 ನಿಮಿಷಕ್ಕೊಮ್ಮೆ ಓಡಿಸ್ರಿ, ಅದೂ ಜಾಸ್ತೀನ. ಡಿಸ್ಕ್‌ದ್ದೂ ಅದ. 90% ಆಗಿದ್ದು ಒಂದ್ ನಿಮಿಷದಾಗ 100 ಆಗೂದಿಲ್ಲ.

ಬ್ಯಾಕಪ್‌ಗೆ ಇನ್ನೊಂದ್ ಐತಿ. ‘ಫೇಲ್’ ಅನ್ನೂ ಲೈನ್ ಹುಡುಕೂದಕ್ಕಿಂತ ‘ಸಕ್ಸೆಸ್’ ಲೈನ್ ಬರಲಿಲ್ಲ ಅಂದ್ರ ಅಲರ್ಟ್ ಮಾಡ್ರಿ. ಬ್ಯಾಕಪ್ ಸರ್ವರ್‌ನ ಮಲಗಿದ್ರ ಫೇಲ್ ಅಂತ ಬರಿಯೋರ್ ಯಾರು? ‘ಇಲ್ಲ’ ಅನ್ನೂದನ್ನ ಹಿಡಿಯಾಕ ಮುಂಜಾನೆ 6ಕ್ಕ ಒಂದ್ಸಲ ಓಡೂ ಶೆಡ್ಯೂಲ್ಡ್ ಸರ್ಚೇ ಬೇಕು. ಪರ್ ರಿಸಲ್ಟ್ (ಸಿಕ್ಕ ಒಂದೊಂದ್ ಸಾಲಿಗೂ ಒಂದೊಂದ್) ರಿಯಲ್‌ಟೈಮ್ ಅಲರ್ಟ್ ಇವೆಂಟ್ ಬಂದ್ರ ಅಷ್ಟ ಮಿಸುಕಾಡತೈತಿ.

ಕೋರ್‌ಲೆಕ್ಕ

ಹುಬ್ಬಳ್ಳಿಯವರು ಹೇಳಿದ್ದು ಸರಿ. ಇಮೇಲ್ ಹೋಗುವ 35 ಅಲರ್ಟನ್ನೂ ಶೆಡ್ಯೂಲ್‌ಗೆ ಹಾಕಿ. ಲೆಕ್ಕ ನೋಡಿ: 38ನ್ನೂ 5 ನಿಮಿಷಕ್ಕೊಮ್ಮೆ ಓಡಿಸಿದರೂ, ಒಂದೊಂದು 8 ಸೆಕೆಂಡ್ ತೆಗೆದುಕೊಂಡರೆ, 300 ಸೆಕೆಂಡ್‌ಗೆ 304 ಸೆಕೆಂಡ್ ಕೆಲಸ. ಸರಾಸರಿ ಒಂದೇ ಒಂದು ಸ್ಲಾಟ್. ಈಗ ನೀವು ಕೇಳುತ್ತಿರುವುದು 38 ಸ್ಲಾಟ್.

ಬದಲಾಯಿಸುವಾಗ ಎಡವುವ ಜಾಗಗಳಿವೆ. ಒಂದೊಂದಾಗಿ ಹೇಳುತ್ತೇನೆ.

ಸಮಯದ ಕಿಟಕಿ. ಬಹುತೇಕರು ಪ್ರತಿ 5 ನಿಮಿಷಕ್ಕೆ ಕ್ರಾನ್ (ಓಡುವ ವೇಳಾಪಟ್ಟಿ) ಇಟ್ಟು ‘ಕಳೆದ 5 ನಿಮಿಷ’ ಅಂತ ಕೊಡುತ್ತಾರೆ. 10:00ಕ್ಕೆ ಓಡಿದ ಸರ್ಚ್ 9:55ರಿಂದ 10:00ರವರೆಗೆ ನೋಡಿತು. 9:59:50ರ ಇವೆಂಟ್ ಇಂಡೆಕ್ಸರ್ ತಲುಪಿದ್ದು 10:00:20ಕ್ಕೆ. ಈ ಓಟಕ್ಕೆ ಅದು ತಡ, 10:05ರ ಓಟಕ್ಕೆ ಅದು ಹಳೆಯದು. ಎರಡರ ನಡುವೆ ಬಿದ್ದುಹೋಯಿತು. ಕನಿಷ್ಠ ಅಂದರೆ ಕಿಟಕಿಯನ್ನು ಹಿಂದಕ್ಕೆ ಸರಿಸಿ: 6 ನಿಮಿಷ ಹಿಂದಿನಿಂದ 1 ನಿಮಿಷ ಹಿಂದಿನವರೆಗೆ, ಎರಡೂ ಕಡೆ ಪೂರ್ತಿ ನಿಮಿಷಕ್ಕೆ ಹೊಂದಿಸಿ (ಸ್ನ್ಯಾಪ್).

ಇದಕ್ಕಿಂತ ಗಟ್ಟಿ ದಾರಿ ಇಂಡೆಕ್ಸ್ ಟೈಮ್ (ಇವೆಂಟ್ ಇಂಡೆಕ್ಸರ್ ಸೇರಿದ ಹೊತ್ತು) ಮೇಲೆ ಹುಡುಕುವುದು. ‘_ಇಂಡೆಕ್ಸ್_ಅರ್ಲಿಯೆಸ್ಟ್’ 6 ನಿಮಿಷ ಹಿಂದೆ, ‘_ಇಂಡೆಕ್ಸ್_ಲೇಟೆಸ್ಟ್’ 1 ನಿಮಿಷ ಹಿಂದೆ. ಇವೆಂಟ್ ಟೈಮ್ ಮಾತ್ರ ಅಗಲವಾಗಿಡಿ, ಉದಾಹರಣೆಗೆ 4 ಗಂಟೆ ಹಿಂದಿನಿಂದ. ಒಂದು ಇವೆಂಟ್ ಆ 4 ಗಂಟೆಯೊಳಗೆ ಎಷ್ಟೇ ತಡವಾಗಿ ಬರಲಿ, ಒಳಗೆ ಬಂದ ನಿಮಿಷ ಒಂದೇ ಆದ್ದರಿಂದ ಒಂದು ಓಟಕ್ಕೆ ಸಿಗುತ್ತದೆ, ಒಂದೇ ಓಟಕ್ಕೆ ಸಿಗುತ್ತದೆ. ಬಕೆಟ್‌ಗಳನ್ನು (ಡೇಟಾ ಇಟ್ಟಿರುವ ಸಮಯವಾರು ಕಟ್ಟುಗಳನ್ನು) ಆರಿಸುವುದು ಇವೆಂಟ್ ಟೈಮ್ ಮೇಲೆ, ಆದ್ದರಿಂದ ಅದನ್ನು 30 ದಿನ ಅಂತ ಬಿಟ್ಟರೆ ಸರ್ಚ್ ನಿಧಾನ ಆಗುತ್ತದೆ. ನಿಮ್ಮಲ್ಲಿ ಲ್ಯಾಗ್ ಎಷ್ಟಿದೆಯೋ ಅದರ ಮೇಲೆ ಅಗಲ ನಿರ್ಧರಿಸಿ.

ಎಣಿಕೆಯ ಅಲರ್ಟ್. ‘5 ನಿಮಿಷದಲ್ಲಿ 5ಕ್ಕಿಂತ ಹೆಚ್ಚು ವೈಫಲ್ಯ’ ಅನ್ನುವುದು ರಿಯಲ್‌ಟೈಮ್‌ನಲ್ಲಿ ಉರುಳುವ ಕಿಟಕಿ. ಶೆಡ್ಯೂಲ್‌ನಲ್ಲಿ 3 ವೈಫಲ್ಯ ಒಂದು ಓಟಕ್ಕೆ, ಇನ್ನು 4 ಮುಂದಿನದಕ್ಕೆ ಬಿದ್ದರೆ ಎರಡೂ ಸುಮ್ಮನಿರುತ್ತವೆ. ಇಂಥವಕ್ಕೆ ಪ್ರತಿ 5 ನಿಮಿಷಕ್ಕೆ 10 ನಿಮಿಷದ ಕಿಟಕಿ ನೋಡಿ, ಒಳಗೆ ‘ಸ್ಟ್ರೀಮ್‌ಸ್ಟ್ಯಾಟ್ಸ್’ ಕಮಾಂಡ್‌ಗೆ 5 ನಿಮಿಷದ ಟೈಮ್ ವಿಂಡೋ ಕೊಟ್ಟು ಯೂಸರ್‌ವಾರು ಎಣಿಸಿ. ಒಂದೇ ಗುಂಪು ಎರಡು ಸಲ ಸಿಗುತ್ತದೆ, ಅದಕ್ಕೆ ಥ್ರಾಟಲ್ (ಅದೇ ಅಲರ್ಟ್ ಮತ್ತೆ ಮತ್ತೆ ಬಾರದಂತೆ ತಡೆ) ಹಾಕಿ: ಸಪ್ರೆಸ್ ಫೀಲ್ಡ್ ಯೂಸರ್, ಅವಧಿ 15 ನಿಮಿಷ.

ಕ್ರಾನ್ ಚದುರಿಸುವುದು. ಶೆಡ್ಯೂಲರ್‌ಗೆ ಸಿಗುವುದು ಒಟ್ಟು ಮಿತಿಯ ಅರ್ಧ: ‘ಮ್ಯಾಕ್ಸ್_ಸರ್ಚಸ್_ಪರ್ಕ್’ ಡೀಫಾಲ್ಟ್ 50. ನಿಮ್ಮ 22ರಲ್ಲಿ 11. ಎಲ್ಲ 35ಕ್ಕೂ */5 ಅಂತ ಬರೆದರೆ ಎಲ್ಲವೂ ಒಂದೇ ಸೆಕೆಂಡಿಗೆ ಏಳುತ್ತವೆ, ಹೆಚ್ಚೆಂದರೆ 11 ಓಡುತ್ತವೆ, ಕನಿಷ್ಠ 24 ಕಾಯುತ್ತವೆ. ಏಳೇಳರ ಗುಂಪು ಮಾಡಿ: 0-59/5, 1-59/5, 2-59/5, 3-59/5, 4-59/5. ನಿಮಿಷಕ್ಕೆ 7, ಆರಾಮ. ರೋಲ್‌ನ ಹಿಸ್ಟಾರಿಕಲ್ ಕೋಟಾ 10 ಇದೆ ಅನ್ನುವುದನ್ನೂ ಮರೆಯಬೇಡಿ, 7 ಅದರೊಳಗೇ ಕೂರುತ್ತದೆ.

ಇಂಡೆಕ್ಸರಮ್ಮ

ಇದಕ್ಕೆ ಒಂದು ಸೇರಿಸಬೇಕು. ಇಂಡೆಕ್ಸ್ ಟೈಮ್ ಕಿಟಕಿಯಲ್ಲಿ ಒಂದು ಓಟ ಸ್ಕಿಪ್ ಆದರೆ ಆ 5 ನಿಮಿಷದ ತುಂಡನ್ನು ಮತ್ತೆ ಯಾರೂ ನೋಡುವುದಿಲ್ಲ. ಸೇವ್ಡ್‌ಸರ್ಚಸ್ ಡಾಟ್ ಕಾನ್ಫ್‌ನಲ್ಲಿ ‘ರಿಯಲ್‌ಟೈಮ್_ಶೆಡ್ಯೂಲ್’ ಅಂತ ಒಂದಿದೆ, ಡೀಫಾಲ್ಟ್ 1. ಹೆಸರು ನೋಡಿ ಮೋಸಹೋಗಬೇಡಿ, ರಿಯಲ್‌ಟೈಮ್ ಸರ್ಚ್‌ಗೂ ಇದಕ್ಕೂ ಸಂಬಂಧವಿಲ್ಲ. 1 ಅಂದರೆ ತಪ್ಪಿದ ಓಟ ಬಿಟ್ಟು ಈಗಿನದಕ್ಕೆ ಹೋಗು. 0 ಅಂದರೆ ತಪ್ಪಿದ್ದನ್ನೂ ಅದರ ಸಮಯದ ಕಿಟಕಿಯೊಂದಿಗೇ ಓಡಿಸು. ಒಂದೂ ತಪ್ಪಬಾರದ ಅಲರ್ಟ್‌ಗಳಿಗೆ 0 ಮಾಡಿ.

ಎಲ್ಲದಕ್ಕೂ 0 ಮಾಡಬೇಡಿ. 0 ಇರುವವನ್ನು ಶೆಡ್ಯೂಲರ್ 1 ಇರುವವುಗಳ ನಂತರ ಪರಿಗಣಿಸುತ್ತದೆ. ಇಂಡೆಕ್ಸರ್ ಅರ್ಧ ಗಂಟೆ ಮಲಗಿ ಎದ್ದರೆ ಬಾಕಿ ಓಟಗಳೆಲ್ಲ ಸಾಲಾಗಿ ನಿಂತು, ಹೊಸ ಅಲರ್ಟ್ ಬರುವುದು ಇನ್ನೂ ತಡವಾಗುತ್ತದೆ. ‘ಶೆಡ್ಯೂಲ್_ವಿಂಡೋ’ವನ್ನು (ಓಟ ಎಷ್ಟು ತಡವಾಗಬಹುದು ಅನ್ನುವ ಸೆಟ್ಟಿಂಗ್) ಅಲರ್ಟ್‌ಗೆ 0 ಇಟ್ಟು, ಬೆಳಗಿನ ವರದಿಗಳಿಗೆ ಆಟೋ ಕೊಡಿ. ಜಾಗ ಬಿಟ್ಟುಕೊಡಬೇಕಾದವು ವರದಿಗಳು.

ಕಡಲಕರೆ

ಇಷ್ಟೆಲ್ಲ ಮಾಡುವ ಮೊದಲು ಒಮ್ಮೆ ಗಡಿಯಾರ ನೋಡಿ ಮಾರಾಯ್ರೆ. ನಮ್ಮ ಕಡೆಯ ಸೆಟಪ್‌ಗಳಲ್ಲಿ ಅಲರ್ಟ್ ಬಾರದೇ ಇರುವುದಕ್ಕೆ ಮಿತಿಗಿಂತ ದೊಡ್ಡ ಕಾರಣ ಐದೂವರೆ ಗಂಟೆ.

ಇಂಡೆಕ್ಸರ್ ಯುಟಿಸಿಯಲ್ಲಿದೆ. ಫೈರ್‌ವಾಲ್ ಭಾರತೀಯ ಸಮಯದಲ್ಲಿ, ಟೈಮ್‌ಝೋನ್ ಬರೆಯದೆ, ಸಿಸ್‌ಲಾಗ್ (ಸಾಧನಗಳು ಲಾಗ್ ಕಳಿಸುವ ರೂಢಿಯ ಬಗೆ) ಕಳಿಸುತ್ತದೆ. ಹಳೆಯ ಸಿಸ್‌ಲಾಗ್ ಹೆಡರ್‌ನಲ್ಲಿ ವರ್ಷವೂ ಇಲ್ಲ, ಝೋನೂ ಇಲ್ಲ. 14:30 ಅಂತ ಬಂದದ್ದನ್ನು ಸ್ಪ್ಲಂಕ್ 14:30 ಯುಟಿಸಿ ಅಂತ ಓದಿದರೆ ಅದು ನಮ್ಮ ರಾತ್ರಿ 8 ಗಂಟೆ. ಇವೆಂಟ್ ಭವಿಷ್ಯಕ್ಕೆ ಹೋಗಿ ಕೂತಿತು. ‘ಈಗಿನವರೆಗೆ’ ಅಂತ ನೋಡುವ ಶೆಡ್ಯೂಲ್ಡ್ ಸರ್ಚ್‌ಗೆ ಅದು ಕಾಣುವುದೇ ಇಲ್ಲ. ಕಿಟಕಿ ಇಲ್ಲದ, ಆಲ್‌ಟೈಮ್ ರಿಯಲ್‌ಟೈಮ್ ಅಲರ್ಟ್‌ಗೆ ಮಾತ್ರ ಸಿಗುತ್ತದೆ. ಆಗ ಜನ ‘ಶೆಡ್ಯೂಲ್ ನಂಬಿಕೆಗೆ ಅಲ್ಲ, ರಿಯಲ್‌ಟೈಮೇ ಒಳ್ಳೆದು’ ಅಂತ ತೀರ್ಮಾನ ಮಾಡಿಬಿಡುತ್ತಾರೆ. ಎಷ್ಟೋ ಕಡೆ 38 ರಿಯಲ್‌ಟೈಮ್ ಅಲರ್ಟ್ ಹುಟ್ಟುವುದೇ ಹೀಗೆ.

ನೋಡುವ ಕ್ರಮ: ಸರ್ಚ್‌ನ ಲೇಟೆಸ್ಟ್ ಅನ್ನು ಒಂದು ದಿನ ಮುಂದಕ್ಕೆ ಇಟ್ಟು, ‘_ಇಂಡೆಕ್ಸ್‌ಟೈಮ್’ನಿಂದ ‘_ಟೈಮ್’ ಕಳೆದು, ಹೋಸ್ಟ್ ಮತ್ತು ಸೋರ್ಸ್‌ಟೈಪ್‌ವಾರು ಮೀಡಿಯನ್, ಗರಿಷ್ಠ ಎರಡೂ ತೆಗೆಯಿರಿ. ಮೀಡಿಯನ್ –19800 ಆಸುಪಾಸು ಬಂದರೆ ಅದೇ ಐದೂವರೆ ಗಂಟೆ. +19800 ಬಂದರೆ ಉಲ್ಟಾ: ಲಾಗ್ ಯುಟಿಸಿಯಲ್ಲಿದೆ, ಓದಿದ್ದು ಭಾರತೀಯ ಸಮಯ ಅಂತ.

ಸರಿಮಾಡುವುದು ಪ್ರಾಪ್ಸ್ ಡಾಟ್ ಕಾನ್ಫ್‌ನಲ್ಲಿ, ಆ ಸೋರ್ಸ್‌ಟೈಪ್ ಅಥವಾ ಹೋಸ್ಟ್ ಕೆಳಗೆ: ‘ಟಿಝಡ್ = ಏಷ್ಯಾ/ಕೋಲ್ಕತಾ’. ಇದನ್ನು ಹಾಕಬೇಕಾದ್ದು ಪಾರ್ಸಿಂಗ್ ನಡೆಯುವಲ್ಲಿ, ಅಂದರೆ ಇಂಡೆಕ್ಸರ್‌ನಲ್ಲಿ ಅಥವಾ ಮಧ್ಯದಲ್ಲಿ ಹೆವಿ ಫಾರ್ವರ್ಡರ್ (ಲಾಗ್ ಪಾರ್ಸ್ ಮಾಡಿ ಮುಂದೆ ಕಳಿಸುವ ಸರ್ವರ್) ಇದ್ದರೆ ಅಲ್ಲಿ. ಹೊಸ ಇವೆಂಟ್‌ಗೆ ಮಾತ್ರ ತಗಲುತ್ತದೆ, ಈಗಾಗಲೇ ಕೂತದ್ದು ಹಾಗೇ ಇರುತ್ತದೆ.

ಮೀಡಿಯನ್ ಸರಿ ಇದ್ದು ಗರಿಷ್ಠ ಮಾತ್ರ ನೂರಾರು ಸೆಕೆಂಡ್ ಬಂದರೆ ಫಾರ್ವರ್ಡರ್ ಕಡೆ ಹೋಗಿ. ಯೂನಿವರ್ಸಲ್ ಫಾರ್ವರ್ಡರ್‌ನಲ್ಲಿ (ಸರ್ವರ್‌ನಿಂದ ಲಾಗ್ ಕಳಿಸುವ ಸಣ್ಣ ಪ್ರೋಗ್ರಾಂ) ‘ಮ್ಯಾಕ್ಸ್ ಕೆಬಿಪಿಎಸ್’ ಡೀಫಾಲ್ಟ್ 256. ಸೆಕೆಂಡ್‌ಗೆ 256 ಕೆಬಿ ಅಂದರೆ ಗಂಟೆಗೆ 900 ಎಂಬಿ. ಎರರ್ ಸುರಿಯುವ ಹೊತ್ತಿಗೆ ಅಪ್ಲಿಕೇಶನ್ ಇದಕ್ಕಿಂತ ಹೆಚ್ಚು ಬರೆದರೆ ಫಾರ್ವರ್ಡರ್ ಹಿಂದೆ ಬೀಳುತ್ತದೆ. ಇಂಡೆಕ್ಸರ್‌ನಲ್ಲಿ ನೀವು ಎಂಥ ರಿಯಲ್‌ಟೈಮ್ ಇಟ್ಟರೂ ಅದು ಇನ್ನೂ ಬಾರದ ಲಾಗ್ ನೋಡುವುದಿಲ್ಲ. ಬಿಝಿ ಸರ್ವರ್‌ಗಳಲ್ಲಿ 1024 ಮಾಡಿ. 0 ಅಂದರೆ ಮಿತಿಯೇ ಇಲ್ಲ, ನೆಟ್‌ವರ್ಕ್‌ನವರನ್ನು ಕೇಳಿ ಹಾಕಿ.

ಶೂನ್ಯಲಾಗ್

ಕಡಲಕರೆ ಸರ್, ಫೈರ್‌ವಾಲ್ ಸೋರ್ಸ್‌ಟೈಪ್ –19790 ತೋರಿಸುತ್ತಿದೆ!

ಇನ್ನೊಂದು ಪ್ರಶ್ನೆ. ಆಡಿಟ್‌ನವರು ಸರ್ಟ್-ಇನ್ (ಭಾರತ ಸರ್ಕಾರದ ಸೈಬರ್ ಸುರಕ್ಷತಾ ಸಂಸ್ಥೆ) ನಿಯಮದ ಪ್ರಕಾರ ಸೆಕ್ಯುರಿಟಿ ಅಲರ್ಟ್ ರಿಯಲ್‌ಟೈಮ್ ಇರಲೇಬೇಕು ಅನ್ನುತ್ತಿದ್ದಾರೆ. 9 ಲಾಗಿನ್ ಅಲರ್ಟ್ ಅದಕ್ಕೇ ಹಾಗಿಟ್ಟದ್ದು.

ಕಡಲಕರೆ

2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನದ ಮಾತಾದರೆ, ಅದರಲ್ಲಿರುವುದು ಘಟನೆ ಗಮನಕ್ಕೆ ಬಂದ 6 ಗಂಟೆಯೊಳಗೆ ವರದಿ ಮಾಡಬೇಕು, ಲಾಗ್‌ಗಳನ್ನು 180 ದಿನ ಇಟ್ಟುಕೊಳ್ಳಬೇಕು, ಗಡಿಯಾರಗಳನ್ನು ಎನ್‌ಟಿಪಿ ಸಮಯ ಸರ್ವರ್‌ಗೆ ಹೊಂದಿಸಬೇಕು ಅಂತ. ನಿಮ್ಮ ಟೂಲ್‌ನಲ್ಲಿ ‘ರಿಯಲ್‌ಟೈಮ್’ ಅನ್ನುವ ಬಟನ್ ಒತ್ತಿರಬೇಕು ಅಂತ ಇಲ್ಲ. ಆರು ಗಂಟೆಯ ಎದುರು 5 ನಿಮಿಷದ ಶೆಡ್ಯೂಲ್ ಏನೂ ಅಲ್ಲ. ಆದರೆ ಗಡಿಯಾರದ ವಿಷಯ ಅದರಲ್ಲೇ ಇದೆ, ನಿಮ್ಮ ಫೈರ್‌ವಾಲ್ ಐದೂವರೆ ಗಂಟೆ ಆಚೆ ಕಾಣುತ್ತಿರುವುದನ್ನು ಆಡಿಟ್‌ನವರು ನೋಡುವ ಮೊದಲು ಸರಿಮಾಡಿಕೊಳ್ಳಿ. ನಿಮ್ಮ ವಲಯದ ನಿಯಂತ್ರಕರ ಬೇರೆ ನಿಯಮ ಇದ್ದರೆ ಅದರ ಯಾವ ಕಲಂ ಅಂತ ಬರಹದಲ್ಲಿ ಕೇಳಿ.

ಗಂಟೆಗೌಡ

ಮಧ್ಯದ ದಾರಿ ಯಾರೂ ಹೇಳಲಿಲ್ಲ. ಇಂಡೆಕ್ಸ್ಡ್ ರಿಯಲ್‌ಟೈಮ್. ಸೇವ್ಡ್‌ಸರ್ಚಸ್‌ನಲ್ಲಿ ಆ ಒಂದು ಸರ್ಚ್‌ಗೆ ‘ಡಿಸ್ಪ್ಯಾಚ್ ಡಾಟ್ ಇಂಡೆಕ್ಸ್ಡ್‌ರಿಯಲ್‌ಟೈಮ್’ 1 ಮಾಡಬಹುದು, ಅಥವಾ ಲಿಮಿಟ್ಸ್‌ನಲ್ಲಿ ಎಲ್ಲದಕ್ಕೂ ಒಟ್ಟಿಗೆ. ಪೈಪ್‌ಲೈನ್ ಬದಲು ಡಿಸ್ಕ್‌ಗೆ ಬರೆದ ಮೇಲೆ ಓದುತ್ತೆ, ಡೀಫಾಲ್ಟ್ 60 ಸೆಕೆಂಡ್ ತಡ. ಇಂಡೆಕ್ಸರ್ ಮೇಲಿನ ಹೊರೆ ಚೆನ್ನಾಗಿ ಇಳಿಯುತ್ತೆ.

ಕೋರ್‌ಲೆಕ್ಕ

ಹೌದು, ಪಾವತಿಯ ಮೂರಕ್ಕೆ ಅದು ಸರಿಯಾದ ಜಾಗ. ಆದರೆ ಸ್ಲಾಟ್ ಲೆಕ್ಕದಲ್ಲಿ ಅದೂ ರಿಯಲ್‌ಟೈಮೇ, ಅದೇ 22ರೊಳಗೆ, ಪ್ರಾಸೆಸ್ ಕೂಡ ನಿರಂತರ. 38ಕ್ಕೂ ಇದನ್ನೇ ಮಾಡಿದರೆ ಮೊದಲ ಪೋಸ್ಟ್‌ಗೇ ವಾಪಸ್. ಹೇಗೂ 60 ಸೆಕೆಂಡ್ ತಡ ಒಪ್ಪುವುದಾದರೆ ಪ್ರತಿ ನಿಮಿಷ ಓಡುವ ಶೆಡ್ಯೂಲ್ ಮೊದಲು ಪರೀಕ್ಷಿಸಿ. ಸರ್ಚ್ 10 ಸೆಕೆಂಡಿನೊಳಗೆ ಮುಗಿಯುತ್ತಿದ್ದರೆ ಅದೇ ಸಾಕು.

ಹುಬ್ಬಳ್ಳಿ ಹೈದ

ಸರ್ಚ್ ಹೆಡ್ ಇನ್ನೆರಡ ಸೇರ್ಸಿ ಕ್ಲಸ್ಟರ್ ಮಾಡಿದ್ರ ಕೋಟಾ ಮೂರ್ ಪಟ್ಟ ಆಗತೈತಿ ಅಂತ ಯಾರರ ಹೇಳ್ತಾರ. ಕೇಳಬ್ಯಾಡ್ರಿ. ಇಂಡೆಕ್ಸರ್ ಅವ ಮೂರ, ಭಾರ ಹೊರಾವ ಅವ.

ಇಂಡೆಕ್ಸರಮ್ಮ

ಪರ್ ರಿಸಲ್ಟ್ ಅಲರ್ಟ್ ಇಟ್ಟಿದ್ದರೆ ಇನ್ನೊಂದು ಮಿತಿ ಕಾಯುತ್ತಿದೆ. ಲಿಮಿಟ್ಸ್‌ನ ಶೆಡ್ಯೂಲರ್ ವಿಭಾಗದಲ್ಲಿ ‘ಮ್ಯಾಕ್ಸ್_ಪರ್_ರಿಸಲ್ಟ್_ಅಲರ್ಟ್ಸ್’ 500, ಅದರ ಸಮಯದ ಮಿತಿ 300 ಸೆಕೆಂಡ್. ಒಂದು ಓಟದಲ್ಲಿ 2000 ಸಾಲು ಬಂದರೆ 500 ಮೇಲ್ ಹೋಗಿ ನಿಲ್ಲುತ್ತದೆ. ಮೇಲ್ ಸರ್ವರ್ ನಿಧಾನ ಇದ್ದರೆ 500ಕ್ಕೂ ಮೊದಲೇ 300 ಸೆಕೆಂಡ್ ಮುಗಿಯುತ್ತದೆ. ಇದನ್ನು ಏರಿಸುವ ಆಸೆ ಬೇಡ. ಸರ್ಚ್‌ನಲ್ಲೇ ಹೋಸ್ಟ್‌ವಾರು ‘ಸ್ಟ್ಯಾಟ್ಸ್’ ಮಾಡಿ ಒಂದು ಮೇಲ್‌ನಲ್ಲಿ ಟೇಬಲ್ ಕಳಿಸಿ.

ಥ್ರಾಟಲ್ ಫೀಲ್ಡ್ ಆರಿಸುವಾಗ ಸೆಶನ್ ಐಡಿ, ಟ್ರಾನ್ಸಾಕ್ಷನ್ ಐಡಿ ಥರದ್ದು ಹಾಕಬೇಡಿ. ಪ್ರತಿ ಇವೆಂಟ್‌ಗೂ ಅದರ ಮೌಲ್ಯ ಬೇರೆ, ಆದ್ದರಿಂದ ಏನೂ ತಡೆಯುವುದಿಲ್ಲ. ಹೋಸ್ಟ್ ಮತ್ತು ಎರರ್ ಕೋಡ್ ಎರಡೂ ಸೇರಿಸಿ ಹಾಕಿದರೆ ಒಂದೇ ತೊಂದರೆಗೆ ಒಂದೇ ಮೇಲ್, ಹೊಸ ತೊಂದರೆಗೆ ಹೊಸ ಮೇಲ್.

ಶೂನ್ಯಲಾಗ್

35ನ್ನು ಶೆಡ್ಯೂಲ್‌ಗೆ ಹಾಕಿದೆ, ಕ್ರಾನ್ ಐದು ಗುಂಪು. ಮೂರು ಮಾತ್ರ ಇಂಡೆಕ್ಸ್ಡ್ ರಿಯಲ್‌ಟೈಮ್. ಈಗ ಸ್ಕಿಪ್ ಆಗುತ್ತಿಲ್ಲ ಅಂತ ಖಚಿತ ಮಾಡಿಕೊಳ್ಳುವುದು ಹೇಗೆ? ಮತ್ತೆ ಯಾರೂ ಹೊಸದಾಗಿ ರಿಯಲ್‌ಟೈಮ್ ಅಲರ್ಟ್ ಮಾಡದ ಹಾಗೆ ತಡೆಯುವುದು?

ಕೋರ್‌ಲೆಕ್ಕ

ಸ್ಕಿಪ್ ನೋಡಲು:

ಇಂಡೆಕ್ಸ್=_ಇಂಟರ್ನಲ್ ಸೋರ್ಸ್‌ಟೈಪ್=ಶೆಡ್ಯೂಲರ್ ಸ್ಟೇಟಸ್=ಸ್ಕಿಪ್ಡ್ | ಸ್ಟ್ಯಾಟ್ಸ್ ಕೌಂಟ್ ಬೈ ಸೇವ್ಡ್‌ಸರ್ಚ್_ನೇಮ್, ರೀಸನ್

ರೀಸನ್‌ನಲ್ಲಿ ‘ಈ ಇನ್‌ಸ್ಟನ್ಸ್‌ನಲ್ಲಿ ಏಕಕಾಲದ ಶೆಡ್ಯೂಲ್ಡ್ ಸರ್ಚ್‌ಗಳ ಗರಿಷ್ಠ ಮುಟ್ಟಿದೆ’ ಅನ್ನುವ ಅರ್ಥದ ಸಾಲಿದ್ದರೆ ಆ 11 ತುಂಬಿದೆ, ಕ್ರಾನ್ ಇನ್ನಷ್ಟು ಚದುರಿಸಿ. ‘ಈ ಸರ್ಚ್‌ನ ಏಕಕಾಲದ ಓಟಗಳ ಗರಿಷ್ಠ’ ಅಂತ ಬಂದರೆ ಸಮಸ್ಯೆ ಆ ಸರ್ಚ್‌ನದೇ: ಒಂದು ಸರ್ಚ್‌ಗೆ ‘ಮ್ಯಾಕ್ಸ್_ಕನ್ಕರೆಂಟ್’ ಡೀಫಾಲ್ಟ್ 1, ಹಿಂದಿನ ಓಟ ಮುಗಿಯದೆ ಮುಂದಿನದರ ಸಮಯ ಬಂದಿದೆ. ಅಲ್ಲಿ 1ನ್ನು 2 ಮಾಡಬೇಡಿ, ಸರ್ಚ್ ಚುರುಕು ಮಾಡಿ. ಇದೇ ಲಾಗ್‌ನಲ್ಲಿ ಡಿಸ್ಪ್ಯಾಚ್ ಟೈಮ್‌ನಿಂದ ಶೆಡ್ಯೂಲ್ಡ್ ಟೈಮ್ ಕಳೆದರೆ ಸ್ಕಿಪ್ ಆಗದೆ ಬರೀ ತಡವಾಗುತ್ತಿರುವವೂ ಸಿಗುತ್ತವೆ. ಮಾನಿಟರಿಂಗ್ ಕನ್ಸೋಲ್‌ನ ಶೆಡ್ಯೂಲರ್ ಆಕ್ಟಿವಿಟಿ ಪುಟದಲ್ಲೂ ಇದೇ ಇದೆ.

ತಡೆಯಲು ಕೋಟಾ ಇಳಿಸುವುದಕ್ಕಿಂತ ಸಾಮರ್ಥ್ಯವನ್ನೇ ತೆಗೆಯಿರಿ. ರೋಲ್‌ಗಳಲ್ಲಿ ‘ಆರ್‌ಟಿಸರ್ಚ್’ (ರಿಯಲ್‌ಟೈಮ್ ಸರ್ಚ್ ಓಡಿಸುವ ಸಾಮರ್ಥ್ಯ) ಯಾರಿಗಿದೆ ಅಂತ ‘ಬಿಟೂಲ್’ನಿಂದ ಆಥರೈಸ್ ಪಟ್ಟಿ ನೋಡಿ. ಎಲ್ಲದರಿಂದಲೂ ತೆಗೆದು, ಆ ಮೂರು ಅಲರ್ಟ್‌ಗೆಂದೇ ಒಂದು ಸಣ್ಣ ರೋಲ್ ಮಾಡಿ: ‘ಆರ್‌ಟಿಸರ್ಚ್’, ‘ಶೆಡ್ಯೂಲ್_ಆರ್‌ಟಿಸರ್ಚ್’, ‘ಶೆಡ್ಯೂಲ್_ಸರ್ಚ್’, ರಿಯಲ್‌ಟೈಮ್ ಕೋಟಾ 4. ಇನ್ನೊಂದು ರೋಲ್‌ನಿಂದ ಬಳುವಳಿಯಾಗಿ ಬಂದ ಸಾಮರ್ಥ್ಯವನ್ನು ಮಗು ರೋಲ್‌ನಲ್ಲಿ ಆಫ್ ಮಾಡಲು ಆಗುವುದಿಲ್ಲ, ಮೂಲದಲ್ಲೇ ತೆಗೆಯಬೇಕು. ತೆಗೆಯುವ ಮೊದಲು ರಿಯಲ್‌ಟೈಮ್ ಪ್ಯಾನೆಲ್ ಇರುವ ಡ್ಯಾಶ್‌ಬೋರ್ಡ್‌ಗಳನ್ನು ಹುಡುಕಿ 1 ನಿಮಿಷದ ರಿಫ್ರೆಶ್‌ಗೆ ಬದಲಾಯಿಸಿ, ಇಲ್ಲದಿದ್ದರೆ ಮರುದಿನ ಬೆಳಿಗ್ಗೆ ಖಾಲಿ ಪರದೆಯ ಸ್ಕ್ರೀನ್‌ಶಾಟ್‌ಗಳು ಬರುತ್ತವೆ.

ಹುಬ್ಬಳ್ಳಿ ಹೈದ

ಅಲರ್ಟ್ ಬರತಾವೋ ಇಲ್ಲೋ ಅಂತ ನೋಡಾಕ ಲಿನಕ್ಸ್ ಸರ್ವರ್‌ನಾಗ ‘ಲಾಗರ್’ ಕಮಾಂಡ್‌ಲೇ ಒಂದ್ ಸುಳ್ಳ ಲೈನ್ ಬರೀರಿ, ಅಲರ್ಟ್ ಹುಡುಕೂ ಪದಾ ಹಾಕಿ. ಲೈನ್‌ನಾಗ ‘ಪರೀಕ್ಷೆ’ ಅಂತ ಸೇರ್ಸೂದು ಮರೀಬ್ಯಾಡ್ರಿ. ಬರದ ಹೊತ್ತು, ಇಂಡೆಕ್ಸ್ ಆದ ಹೊತ್ತು, ಮೇಲ್ ಬಂದ ಹೊತ್ತು ಮೂರೂ ಬರಕೊಳ್ರಿ. ಎಲ್ಲಿ ತಡಾ ಆಗಾಕತ್ತೈತಿ ಅನ್ನೂದು ಅಲ್ಲೇ ಕಾಣತೈತಿ.

ಶೂನ್ಯಲಾಗ್

ಮಾಡಿದೆ. ಬರೆದದ್ದು 11:42:05, ಇಂಡೆಕ್ಸ್ ಆದದ್ದು 11:42:07, ಸರ್ಚ್ ಓಡಿದ್ದು 11:46:00, ಮೇಲ್ 11:52ಕ್ಕೆ. ಸ್ಪ್ಲಂಕ್ ಸರಿ ಇದೆ. ಆ ಆರು ನಿಮಿಷ ಮೇಲ್ ಗೇಟ್‌ವೇದು, ಮೆಸೇಜಿಂಗ್ ತಂಡಕ್ಕೆ ಟಿಕೆಟ್ ಹಾಕಿದ್ದೇನೆ.